ಒಂದೇ ಹಾಳೆಯ ಪತ್ರ

ಹಾಚಿನೊಹೆ
ಮಾರ್ಚ್ 12, 2020

ತೋಮಿ ಅಕ್ಕಾ,

ನೀನು ಕಳಿಸಿದ ಒಣಮೀನು ಬಂತು. ಪೊಟ್ಟಣ ಬಿಚ್ಚುವ ಮೊದಲೇ ವಾಸನೆ ನಿನ್ನ ಊರಿನ ಹೆಸರು ಹೇಳಿಬಿಟ್ಟಿತು. ಅರ್ಧ ಸಾರಿಗೆ ಇಟ್ಟುಕೊಂಡು ಅರ್ಧ ಕುದೊ-ಸಾನ್‌ಗೆ ಕೊಟ್ಟೆ. ‘ಬೇಡ ಬೇಡ’ ಎಂದು ಅವರು ನನ್ನ ಬೆರಳ ಮೇಲೆ ಎರಡು ಸಲ ಒತ್ತಿದರು. ಮೂರನೇ ಸಲ ಕೇಳುವಷ್ಟರಲ್ಲಿ ಚೀಲಕ್ಕೆ ಹಾಕಿಕೊಂಡಾಗಿತ್ತು.

ಆ ಹೊಸ ರೋಗದ ಸುದ್ದಿ ಇಲ್ಲಿಗೂ ಬಂದಿದೆ, ರೋಗ ಇನ್ನೂ ಬಂದಿಲ್ಲವಂತೆ. ಹೇಳಿದವರು ಕುದೊ-ಸಾನ್. ಸಹಾಯಕ್ಕೆಂದು ಬರುವ ಅವರು ವಾರಕ್ಕೆ ಮೂರು ದಿನ ಪಕ್ಕದಲ್ಲಿ ಕೂತು, ನನ್ನ ಎರಡೂ ಕೈಯ ಮೂರು ಮೂರು ಬೆರಳನ್ನು ಬ್ರೈಲ್ ಯಂತ್ರದ ಕೀಲಿಗಳಂತೆ ಒತ್ತುತ್ತ, ಮೀನುಪೇಟೆಯ ಜಗಳದಿಂದ ಹಿಡಿದು ಮಂತ್ರಿಗಳ ಭಾಷಣದವರೆಗೆ ಎಲ್ಲವನ್ನೂ ದಾಟಿಸುತ್ತಾರೆ. ಕಣ್ಣು ಹುಟ್ಟಿದಾಗಲೇ ಇರಲಿಲ್ಲ, ಅದು ನಿನಗೂ ಇಲ್ಲ ಬಿಡು. ಕಿವಿ ಹೋದ ಈ ಇಪ್ಪತ್ತು ವರ್ಷದಲ್ಲಿ ನನಗೆ ಊರು ಎಂದರೆ ಈ ಆರು ಬೆರಳುಗಳೇ.

ನಗರದವರು ಕೊಟ್ಟಿದ್ದ ಬ್ರೈಲ್ ಕಂಪ್ಯೂಟರ್ ಕೆಟ್ಟು ಕೂತಿದೆ. ರಿಪೇರಿಯವರು ಟೋಕಿಯೊದಿಂದ ಬರಬೇಕು, ಸದ್ಯಕ್ಕೆ ಬರುವುದಿಲ್ಲವಂತೆ. ಹಾಗಾಗಿ ಇನ್ನು ನಮಗೆ ಅಂಚೆಯೇ ಗತಿ. ನಿನಗೆ ಒಳಗೊಳಗೇ ಖುಷಿಯಾಗಿರಬೇಕು, ಆ ಯಂತ್ರವನ್ನು ಕಲಿ ಎಂದು ಗೋಗರೆದರೂ ನೀನು ಕಲಿಯಲಿಲ್ಲ.

ಈಗ ಊರವರೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಾರೆ ಎಂದು ತಿಳಿದಾಗ ನಿನ್ನ ಬಾಯಿ ನೆನಪಾಯಿತು. ಮೊರಿಯೊಕಾದ ಶಾಲೆಯ ಚಳಿಗೆ ಬೆರಳುಗಳು ಬಾತು, ಒಡೆದು, ಒಂದು ಚುಕ್ಕಿಯೂ ತಿಳಿಯದೆ ನಾವೆಲ್ಲ ಪುಸ್ತಕ ಮುಚ್ಚಿಟ್ಟಾಗ ನೀನು ಮಾತ್ರ ಹಾಳೆಯನ್ನು ಕೆಳತುಟಿಗೆ ಒತ್ತಿಕೊಂಡು ಓದುತ್ತಿದ್ದೆ. ಮೇಷ್ಟ್ರು ಬಂದು, “ಪುಸ್ತಕ ಓದೋದಕ್ಕೆ ಕೊಟ್ಟಿದ್ದು ಕಣಮ್ಮಾ, ತಿನ್ನೋದಕ್ಕಲ್ಲ” ಅಂದರು. ನಾನೂ ನಿನ್ನ ಹಾಗೆ ಮಾಡಲು ಹೋಗಿ ಬರೀ ಜೊಲ್ಲು ಹಚ್ಚಿ ಚರಿತ್ರೆಯ ಪುಸ್ತಕದ ಎರಡು ಪುಟ ಹಾಳುಮಾಡಿದೆ.

ಒಂದು ವಿಷಯ ಕೇಳಬೇಕಿತ್ತು. ಪಕ್ಕದ ಮನೆಯವರು ನಮ್ಮ ಅಂಗಳದ ಪ್ಲಮ್ ಮರ ಕಡಿಸಿ ಎನ್ನುತ್ತಿದ್ದಾರೆ, ಎಲೆ ಅವರ ಚರಂಡಿಗೆ ಬೀಳುತ್ತದಂತೆ. ಏನು ಮಾಡಲಿ ಹೇಳು.

ಯಾಸುನೊ

*

ಇಬುಸುಕಿ
ಏಪ್ರಿಲ್ 4, 2020

ಯಾಸುನೊ,

ಮರ ಕಡಿಸಬೇಡ. ಹಣ್ಣಾಗುವವರೆಗೆ ಕಾದು ಅವರಿಗೂ ಒಂದು ಬುಟ್ಟಿ ಕೊಡು, ಬಾಯಿ ಮುಚ್ಚಿಕೊಳ್ಳುತ್ತಾರೆ. ಅರವತ್ತಾರು ವರ್ಷವಾಯಿತು ನಿನಗೆ, ಇನ್ನೂ ಉಪ್ಪು ಎಷ್ಟು ಹಾಕಲಿ, ಮರ ಕಡಿಸಲೇ ಬೇಡವೇ ಎಂದು ಎಲ್ಲದಕ್ಕೂ ನನ್ನನ್ನು ಕೇಳುವ ಚಟ ಬಿಡಲಿಲ್ಲ. ಹಾಸ್ಟೆಲಿನಲ್ಲಿ ಎರಡು ವರ್ಷ ದೊಡ್ಡವಳಾಗಿದ್ದೇ ನನ್ನ ತಪ್ಪು.

ಇಲ್ಲಿ ಬಿಸಿನೀರಿನ ಬುಗ್ಗೆಗಳೆಲ್ಲ ತಮ್ಮ ಪಾಡಿಗೆ ತಾವು ಹಬೆ ಬಿಡುತ್ತಿವೆ, ಮೀಯುವವರು ಯಾರೂ ಇಲ್ಲ. ಸಮುದ್ರ ದಂಡೆಯ ಬಿಸಿ ಮರಳಿನಲ್ಲಿ ಹೂತುಕೊಳ್ಳಲು ಬರುತ್ತಿದ್ದ ಮುದುಕರೂ ನಾಪತ್ತೆ. ನಲವತ್ತು ವರ್ಷ ನಾನು ಬೆನ್ನು ಒತ್ತಿದ ವಸತಿಗೃಹದಲ್ಲಿ ಕಳೆದ ವಾರ ಒಂದೇ ಒಂದು ಬೆನ್ನು ಸಿಕ್ಕಿತು, ಅದೂ ಯಜಮಾನಿಯದು. ಮಾಲೀಸು ಕೆಲಸ ಸ್ವಲ್ಪ ದಿನದ ಮಟ್ಟಿಗೆ ನಿಂತಿದೆ, ಅಷ್ಟೇ. ಹೆದರುವಂಥದ್ದೇನೂ ಇಲ್ಲ.

ಯಜಮಾನಿ ಒಳ್ಳೆಯವಳು. “ತೋಮಿ-ಸಾನ್, ಮನೇಲಿ ಸುಮ್ನೆ ಕೂತ್ರೆ ನಿಮಗೆ ಹುಚ್ಚು ಹಿಡಿಯತ್ತೆ. ಬನ್ನಿ, ಬಾಗಿಲು ಕಂಬಿ ಒರೆಸ್ಕೊಂಡಿರಿ” ಎಂದು ಕರೆದಳು. ಬಟ್ಟೆ ಬಿಳುಪು ಮಾಡುವ ದ್ರಾವಣಕ್ಕೆ ನೀರು ಬೆರೆಸಿ, ಎಪ್ಪತ್ತೆರಡು ಬಾಗಿಲಿನ ಹಿಡಿ, ಮೂರು ಅಂತಸ್ತಿನ ಮೆಟ್ಟಿಲ ಕಂಬಿ, ಸ್ನಾನದ ಮನೆಯ ನಲ್ಲಿಗಳು, ಎಲ್ಲವನ್ನೂ ದಿನಕ್ಕೆ ಎರಡು ಸಲ ಒರೆಸುತ್ತೇನೆ. ಯಾರೂ ಮುಟ್ಟದ ಕಂಬಿಯನ್ನು ಯಾಕೆ ಒರೆಸಬೇಕೋ ದೇವರಿಗೇ ಗೊತ್ತು.

ಮೊದಲ ದಿನವೇ ಒಂದು ಸಣ್ಣ ಜಗಳವೂ ಆಯಿತು. “ರಬ್ಬರ್ ಕೈಗವಸು ಹಾಕ್ಕೊಳ್ಳಿ” ಎಂದಳು. “ಹಾಕ್ಕೊಂಡ್ರೆ ಕೊಳೆ ಎಲ್ಲಿದೆ ಅಂತ ನನಗೆ ಹೆಂಗಮ್ಮಾ ಗೊತ್ತಾಗ್ಬೇಕು? ನೀವು ಕಣ್ಣಿಗೆ ಬಟ್ಟೆ ಕಟ್ಕೊಂಡು ಒರೆಸಿ ನೋಡಣ” ಎಂದೆ. ನಕ್ಕುಬಿಟ್ಟಳು. ಕೈಗವಸು ಹಾಕಿಕೊಂಡ ದಿನ ನಾನು ಎರಡನೇ ಸಲ ಕುರುಡಿಯಾದ ಹಾಗೆ. ಬರಿಗೈಯಲ್ಲೇ ಒರೆಸುತ್ತೇನೆ. ಕೈ ಸ್ವಲ್ಪ ಉರಿಯುತ್ತದೆ, ಎಣ್ಣೆ ಹಚ್ಚಿದರೆ ಹೋಗುತ್ತದೆ.

ಕುದೊ-ಸಾನ್‌ಗೆ ನನ್ನ ನಮಸ್ಕಾರ ಹೇಳು. ಒಣಮೀನು ಇನ್ನೊಂದು ಸಲ ಕಳಿಸುತ್ತೇನೆ.

ತೋಮಿ

*

ಹಾಚಿನೊಹೆ
ಏಪ್ರಿಲ್ 26, 2020

ತೋಮಿ ಅಕ್ಕಾ,

ಎಪ್ಪತ್ತೆರಡು ಬಾಗಿಲು ಎಣಿಸಿ ಸಾಕಾಯಿತು ನನಗೆ, ನೀನು ಒರೆಸಿ ಸುಸ್ತಾಗಿರುತ್ತೀಯ. ನಿನ್ನ ಚುಕ್ಕಿಗಳು ಈ ಸಲ ಮಂದವಾಗಿವೆ, ಚುಕ್ಕಿ ಚುಚ್ಚುವ ಮೊಳೆಯನ್ನು ಸರಿಯಾಗಿ ಒತ್ತುತ್ತಿಲ್ಲ. ಒಂದು ಕಡೆ ಬರೆದ ಸಾಲಿನ ಮೇಲೇ ಮತ್ತೆ ಬರೆದಿದ್ದೀಯ. ಕುಡಿದು ಬರೆದೆಯಾ?

ಕುದೊ-ಸಾನ್ ಈಗ ಬರುತ್ತಿಲ್ಲ. ಒಂಬತ್ತನೇ ತಾರೀಖು ಕೊನೆಯ ಸಲ ಬಂದಿದ್ದರು. ಸಹಾಯಕರನ್ನು ಕಳಿಸುವ ಸಂಸ್ಥೆಯವರು ಹೊಸ ನಿಯಮ ಮಾಡಿದ್ದಾರೆ. ಅಡುಗೆ ಮಾಡಬಹುದು, ಮನೆ ಗುಡಿಸಬಹುದು, ಎರಡು ಮೀಟರ್ ದೂರದಲ್ಲಿ ನಿಂತು ಮಾತಾಡಬಹುದು, ಮುಟ್ಟುವಂತಿಲ್ಲ. ಮುಟ್ಟದೆ ನನ್ನ ಜೊತೆ ಏನು ಮಾತಾಡುವುದು? ಕುದೊ-ಸಾನ್ ಸಂಸ್ಥೆಯ ಜೊತೆ ವಾದ ಮಾಡಿದರಂತೆ. ಅವರ ಅತ್ತೆಗೆ ತೊಂಬತ್ತು ವರ್ಷ, ಅದೇ ಮನೆಯಲ್ಲಿದ್ದಾರೆ, ಸಂಸ್ಥೆಯವರು ಅದನ್ನೇ ಹಿಡಿದುಕೊಂಡು ಸುಮ್ಮನಾಗಿಸಿದರು. ಹೋಗುವಾಗ ನನ್ನ ಬೆರಳ ಮೇಲೆ, “ಯಾಸುನೊ-ಸಾನ್, ನನ್ ಕೈಗೆ ರಜಾ ಕೊಟ್ಬಿಟ್ಟಿದಾರೆ” ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಕೂತರು.

ಈಗ ಊಟ ತರುವವಳು ಒಬ್ಬಳು ಬರುತ್ತಾಳೆ. ಡಬ್ಬಿಯನ್ನು ಹೊಸಿಲ ಮೇಲೆ ಇಟ್ಟು ಹೋಗುತ್ತಾಳೆ. ಮೊದಲ ದಿನ ಅದು ನನಗೆ ಕಾಲಿಗೆ ಸಿಕ್ಕಿತು, ಮೀನಿನ ಸಾರಿನಲ್ಲಿ ಕಾಲುಚೀಲ ತೊಯ್ದುಹೋಯಿತು. ಈಗ ಹೊತ್ತು ತಿಳಿದಿದೆ, ಮುಂಚೆಯೇ ಹೋಗಿ ಕೂತಿರುತ್ತೇನೆ.

ಊರವರಿಗೆಲ್ಲ ಬಾಯಿ ಮುಚ್ಚಿದರು, ನನಗೆ ಕೈ ಮುಚ್ಚಿದರು. ಇದಕ್ಕಿಂತ ಹೆಚ್ಚೇನೂ ಇಲ್ಲ, ನೀನು ಚಿಂತೆ ಮಾಡಬೇಡ. ಹಳೆಯ ಪುಸ್ತಕಗಳಿವೆ, ಹೆಣಿಗೆಯಿದೆ, ನಿನ್ನ ಪತ್ರಗಳಿವೆ. ಮರ ಹೂಬಿಟ್ಟಿದೆ, ಅಂಗಳಕ್ಕೆ ಇಳಿದರೆ ಮುಖಕ್ಕೇ ವಾಸನೆ ಬರುತ್ತದೆ. ಬೇಗ ಬರೆ. ಸಾಧ್ಯವಾದರೆ ಉದ್ದ ಬರೆ.

ಯಾಸುನೊ

*

ಇಬುಸುಕಿ
ಮೇ 15, 2020

ಯಾಸುನೊ,

ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು. ಒರೆಸುವ ಕೆಲಸದಲ್ಲಿ ದಿನ ಹೋಗುವುದೇ ತಿಳಿಯುವುದಿಲ್ಲ.

ಇಲ್ಲಿ ಸೆಖೆ ಶುರುವಾಗಿದೆ. ಬೆಂಡೆಕಾಯಿ ಬರತೊಡಗಿದೆ, ಯಜಮಾನಿ ದಿನವೂ ಒಂದು ಹಿಡಿ ತಂದುಕೊಡುತ್ತಾಳೆ. ಹಬೆಯಲ್ಲಿ ಬೇಯಿಸಿ ಉಪ್ಪು ಹಚ್ಚಿ ತಿನ್ನುತ್ತೇನೆ. ನಿನಗೆ ಅದರ ಲೋಳೆ ಆಗುವುದಿಲ್ಲ, ಗೊತ್ತು. ಮೊನ್ನೆ ಹಬೆಯ ಗುಂಡಿಯಲ್ಲಿ ಇಟ್ಟ ಮೊಟ್ಟೆಯನ್ನು ಮರೆತು ಕಲ್ಲಾಗಿಸಿದೆ, ಕಾಗೆಗೆ ಹಾಕಿದೆ, ಅದೂ ತಿನ್ನಲಿಲ್ಲ ಎಂದು ಯಜಮಾನಿ ಹೇಳಿದಳು.

ನಿನ್ನ ಬಗ್ಗೆ ನನಗೆ ಚಿಂತೆಯಿಲ್ಲ. ಕುದೊ-ಸಾನ್ ಜೊತೆಗಿದ್ದಾರಲ್ಲ, ಅದೇ ಧೈರ್ಯ. ಅವರ ಕೈ ಬಿಡಬೇಡ. ನನ್ನ ನಮಸ್ಕಾರ ಹೇಳು.

ಪತ್ರ ಚಿಕ್ಕದಾಯಿತು. ಕೈ ಸ್ವಲ್ಪ ನೋಯುತ್ತದೆ, ವಯಸ್ಸು.

ತೋಮಿ

*

ಹಾಚಿನೊಹೆ
ಮೇ 30, 2020

ತೋಮಿ ಅಕ್ಕಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಕುದೊ-ಸಾನ್ ಬರುತ್ತಿಲ್ಲ ಎಂದು ಒಂದು ಪುಟ ತುಂಬ ಬರೆದಿದ್ದೆನಲ್ಲ. ಮರೆತೆಯಾ, ಇಲ್ಲ ಓದುತ್ತಲೇ ನಿದ್ದೆ ಹೋದೆಯಾ? ಇರಲಿ. ನಿನಗೂ ಕಷ್ಟವಿರುತ್ತದೆ. ಈ ಸಲ ನಿಧಾನವಾಗಿ ಓದು, ದೊಡ್ಡ ವಿಷಯವಿದೆ.

ಹದಿನೆಂಟನೇ ತಾರೀಖು ಬೆಳಿಗ್ಗೆ ಇಲ್ಲಿ ನೆಲ ನಡುಗಿತು. ಕಪಾಟಿನ ಬಟ್ಟಲುಗಳು ಕೆಳಗೆ ಬಿದ್ದದ್ದು ಪಾದಕ್ಕೆ ಗೊತ್ತಾಯಿತು. ನಾನು ಶೂ ಹಾಕಿಕೊಂಡೆ, ಚೀಲ ತಗುಲಿಸಿಕೊಂಡೆ, ಹೊಸಿಲಲ್ಲಿ ಕೂತೆ. ಸುನಾಮಿಯ ಮೊಳಗು ಕೂಗಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಮೊದಲಾಗಿದ್ದರೆ ಹತ್ತು ನಿಮಿಷದೊಳಗೆ ಕುದೊ-ಸಾನ್ ಓಡಿಬಂದು “ಸಮುದ್ರ ಸುಮ್ನಿದೆ” ಎಂದು ಬೆರಳ ಮೇಲೆ ಒತ್ತುತ್ತಿದ್ದರು. ಅವತ್ತು ಯಾರೂ ಬರಲಿಲ್ಲ. ಗಾಳಿಯಲ್ಲಿ ಉಪ್ಪಿನ ವಾಸನೆ ಹೆಚ್ಚಾಯಿತೇ ಎಂದು ಮೂಸುತ್ತ ಕೂತೆ. ಕಾಲ ಕೆಳಗೆ ನೀರು ಬಂತೇ ಎಂದು ಆಗಾಗ ನೆಲ ಮುಟ್ಟಿ ನೋಡಿದೆ.

ಮಧ್ಯಾಹ್ನ ಊಟದವಳು ಬಂದಳು, ಅವಳ ಹೆಜ್ಜೆಗೆ ಹಲಗೆ ಅದುರಿತು. “ಸಮುದ್ರ ಏರ್ತಿದೆಯೇನಮ್ಮಾ?” ಎಂದು ಕೇಳಿ ಕೈ ಚಾಚಿದೆ. ಅವಳು ಏನೋ ಹೇಳಿರಬೇಕು, ಬಾಯಲ್ಲಿ. ಡಬ್ಬಿಯನ್ನು ನನ್ನ ಕಾಲ ಹತ್ತಿರ ಇಟ್ಟು ಹೋದಳು. ಅನ್ನ ಬಿಸಿಯಾಗಿತ್ತು. ಬಿಸಿ ಅನ್ನ ಮಾಡುವವರು ಊರಲ್ಲಿ ಇದ್ದಾರೆಂದರೆ ಸಮುದ್ರ ಬಂದಿಲ್ಲ ಎಂದು ನಾನೇ ತೀರ್ಮಾನಿಸಿ ಶೂ ಬಿಚ್ಚಿದೆ.

ಇದು ನಗರದ ಅಧಿಕಾರಿಗಳಿಗೂ ಹೇಗೋ ತಿಳಿದಿದೆ. ಕಳೆದ ವಾರ ಬ್ರೈಲಿನಲ್ಲಿ ಪತ್ರ ಬಂತು. ನೀವು ಒಬ್ಬರೇ ಇರುವುದು ಕ್ಷೇಮವಲ್ಲ, ಗುಡ್ಡದಾಚೆಯ ಆರೈಕೆ ಮನೆಯಲ್ಲಿ ಒಂದು ಜಾಗ ಖಾಲಿಯಿದೆ, ಜೂನ್ ಮೂವತ್ತರೊಳಗೆ ತಿಳಿಸಿ ಎಂದಿದ್ದಾರೆ. ಬ್ರೈಲಿನಲ್ಲೇ ಬರೆದು ವಿಚಾರಿಸಿದೆ. ಅಲ್ಲಿ ಬೆರಳ ಮೇಲೆ ಮಾತಾಡಲು ಬರುವವರು ಒಬ್ಬರೂ ಇಲ್ಲ. ಹೊತ್ತಿಗೆ ಊಟ ಹಾಕುತ್ತಾರೆ, ಸ್ನಾನ ಮಾಡಿಸುತ್ತಾರೆ, ಮಲಗಿಸುತ್ತಾರೆ. ನಾನು ಸಾಯುವವರೆಗೆ ಯಾರೂ ನನಗೆ ಏನನ್ನೂ ಹೇಳುವುದಿಲ್ಲ. ಅದು ನೆನೆದರೆ ನನಗೆ ಭಯವಾಗುತ್ತದೆ ಅಕ್ಕಾ. ಸಮುದ್ರಕ್ಕೂ ನಾನು ಇಷ್ಟು ಹೆದರಿರಲಿಲ್ಲ.

ಆರು ವರ್ಷದ ಹಿಂದೆ ಗೆಂಜೊ ಭಾವ ತೀರಿಕೊಂಡಾಗ ನಾನು ಬಂದಿದ್ದೆ. ಹೊರಡುವ ದಿನ ನೀನು ನನ್ನ ಬೆರಳ ಮೇಲೆ, “ಭಾವನ ಕೋಣೆ ಇನ್ನು ನಿಂದು. ಯಾವಾಗ ಸಾಕು ಅನ್ಸತ್ತೋ ಅವತ್ತು ಬಾ” ಎಂದಿದ್ದೆ. ನಾನು ನಕ್ಕಿದ್ದೆ. ಈಗ ಕೇಳುತ್ತಿದ್ದೇನೆ. ಆ ಮಾತು ಇನ್ನೂ ಇದೆಯೇ? ಭಾವನ ಆ ಹಿಂದಿನ ಕೋಣೆಗೆ ನಾನು ಬರಲೇ? ಕುದೊ-ಸಾನ್ ಬಿಟ್ಟರೆ ಲೋಕದಲ್ಲಿ ನನ್ನ ಕೈಯಲ್ಲಿ ಮಾತಾಡುವವಳು ನೀನೊಬ್ಬಳೇ.

ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ. ಬೇಡವೆಂದರೆ ನಾನು ಮುನಿಸಿಕೊಳ್ಳುವುದಿಲ್ಲ. ತಿಂಗಳ ಕೊನೆಯೊಳಗೆ ಹೇಳು, ಅಷ್ಟೇ.

ಯಾಸುನೊ

*

ಇಬುಸುಕಿ
ಜೂನ್ 14, 2020

ಯಾಸುನೊ,

ನಿನ್ನ ದಪ್ಪ ಪತ್ರ ಬಂತು. ಕೈಗೆ ತೂಗಿದಾಗಲೇ ಸಮಾಧಾನವಾಯಿತು, ಇಷ್ಟು ಬರೆಯುವವಳು ಚೆನ್ನಾಗಿಯೇ ಇರುತ್ತಾಳೆ ಎಂದುಕೊಂಡೆ.

ನೀನು ಕೇಳಿದ ವಿಷಯ. ಇಂಥದ್ದಕ್ಕೆಲ್ಲ ನನ್ನನ್ನು ಯಾಕೆ ಕೇಳುತ್ತೀಯ? ನಿನಗೆ ತೋಚಿದ ಹಾಗೆ ಮಾಡು. ನೀನು ಏನು ತೀರ್ಮಾನಿಸಿದರೂ ನನ್ನದೇನೂ ಅಡ್ಡಿಯಿಲ್ಲ. ಆಚೆ ಮನೆಯವರು ಏನು ಹೇಳುತ್ತಾರೋ, ನಾನೇನು ಹೇಳುತ್ತೇನೋ ಎಂದು ಕೂತರೆ ಆಯುಷ್ಯವೇ ಕಳೆದುಹೋಗುತ್ತದೆ.

ಇಲ್ಲಿ ಮಳೆ ಹಿಡಿದಿದೆ. ವಸತಿಗೃಹವನ್ನು ಮಳೆಗಾಲ ಮುಗಿಯುವವರೆಗೆ ಮುಚ್ಚಿದ್ದಾರೆ. ಅಲ್ಲಿ ಶೀತಕ್ಕೆ ಬೂಷ್ಟು ಬರುತ್ತದೆಂದು ಯಜಮಾನಿ ಅರವತ್ತು ಹಾಸಿಗೆ ತಂದು ನಮ್ಮ ಹಿಂದಿನ ಕೋಣೆಯಲ್ಲಿ ಪೇರಿಸಿದ್ದಾಳೆ. ಒಂದು ಬೆಕ್ಕು ಮಲಗುವುದಕ್ಕೂ ಅಲ್ಲಿ ಜಾಗವಿಲ್ಲ. ಬಾಗಿಲು ತೆಗೆದರೆ ಹಾಸಿಗೆ ಮೈಮೇಲೆ ಬೀಳುತ್ತದೆ.

ನನ್ನ ಬಗ್ಗೆ ಚಿಂತೆ ಬೇಡ. ಆರಾಮವಾಗಿದ್ದೇನೆ.

ತೋಮಿ

*

ಹಾಚಿನೊಹೆ
ಜೂನ್ 25, 2020

ತೋಮಿ ಅಕ್ಕನವರಿಗೆ,

ತಮ್ಮ ಪತ್ರ ತಲುಪಿತು. ತಾವು ಆರೋಗ್ಯವಾಗಿರುವುದು ತಿಳಿದು ಸಂತೋಷವಾಯಿತು.

ತಾವು ಹೇಳಿದಂತೆ ನನಗೆ ತೋಚಿದ ಹಾಗೆ ಮಾಡಿದ್ದೇನೆ. ಆರೈಕೆ ಮನೆಗೆ ಒಪ್ಪಿಗೆ ಕಳಿಸಿದೆ. ಆಗಸ್ಟ್ ಒಂದರಂದು ಹೋಗುತ್ತೇನೆ. ಎರಡು ಪೆಟ್ಟಿಗೆ ಮಾತ್ರ ತರಬಹುದೆಂದು ಹೇಳಿದ್ದಾರೆ, ಮನೆ ಖಾಲಿ ಮಾಡಿಸುತ್ತಿದ್ದೇನೆ. ಕೇಳಬಾರದ್ದನ್ನು ಕೇಳಿ ತಮಗೆ ಮುಜುಗರ ಮಾಡಿದೆ, ಅದನ್ನು ಮರೆತುಬಿಡಿ.

ಹೊಸ ವಿಳಾಸ ತಿಳಿಸಬೇಕೋ ಬೇಡವೋ ಎಂದು ನನಗೆ ಗೊತ್ತಾಗುತ್ತಿಲ್ಲ. ಮಳೆಯಲ್ಲಿ ಜಾಗ್ರತೆಯಾಗಿರಿ.

ಯಾಸುನೊ

*

ಇಬುಸುಕಿ
ಜುಲೈ 12, 2020

ಯಾಸುನೊ, ನನ್ನ ತಂಗಿ,

ಮೊದಲು ಇದನ್ನು ಓದು. ಬಾ. ಕೋಣೆ ಖಾಲಿಯಿದೆ. ಬಾ. ಉಳಿದದ್ದನ್ನು ಆಮೇಲೆ ಓದು.

ನಾನು ನಿನ್ನ ಪತ್ರಗಳನ್ನು ಓದಿರಲಿಲ್ಲ. ಏಪ್ರಿಲ್ ಕೊನೆಯಿಂದ ಬಂದ ಒಂದನ್ನೂ ಓದಿರಲಿಲ್ಲ. ಆ ಬಿಳುಪಿನ ದ್ರಾವಣ ನನ್ನ ಬೆರಳ ತುದಿಗಳನ್ನು ಸುಲಿದುಹಾಕಿತು. ಮೊದಲು ಉರಿ, ಆಮೇಲೆ ಸಿಪ್ಪೆ, ಆಮೇಲೆ ಅದರ ಮೇಲೆ ಗಟ್ಟಿ ಚರ್ಮ. ಹಾಳೆಯ ಮೇಲೆ ಕೈಯಾಡಿಸಿದರೆ ಬರೀ ಹಾಳೆ. ಬರೆಯುವುದಕ್ಕೆ ತೊಂದರೆಯಿಲ್ಲ, ಹಲಗೆಯ ಮೇಲೆ ಮೊಳೆ ಒತ್ತಲು ನೆನಪು ಸಾಕು. ಬರೆದದ್ದು ಸರಿಯಿದೆಯೇ ಎಂದು ನೋಡಲು ಮಾತ್ರ ಆಗುತ್ತಿರಲಿಲ್ಲ. ವೈದ್ಯರು, “ಚಳಿಗಾಲಕ್ಕೆ ಸರಿಹೋಗ್ಬೋದು, ಹೋಗ್ದೇನೂ ಇರ್ಬೋದು” ಎಂದರು. ಬೆನ್ನಿನ ಗಂಟು ಹುಡುಕಲಾಗದ ಮಾಲೀಸಿನವಳನ್ನು ಯಾರು ಕರೆಯುತ್ತಾರೆ?

ಇದನ್ನು ನಿನಗೆ ಬರೆಯಬಹುದಿತ್ತು. ಬರೆಯಲಿಲ್ಲ. ಶಾಲೆಯಲ್ಲಿ ನಿನಗೆ ಅಕ್ಷರ ತಿದ್ದಿಸಿದವಳು ನಾನು, ನನಗೇ ಓದಲು ಬರುತ್ತಿಲ್ಲ ಎಂದು ನಿನ್ನೆದುರು ಒಪ್ಪಿಕೊಳ್ಳಲು ಸೊಕ್ಕು ಬಿಡಲಿಲ್ಲ. ಬ್ರೈಲ್ ಗ್ರಂಥಾಲಯದವರು ಎದುರು ಕೂತು ಓದಿ ಹೇಳುವುದನ್ನು ನಿಲ್ಲಿಸಿದ್ದರು. ಇನ್ನೇನು ಬೆರಳು ಸರಿಹೋಗುತ್ತದೆ, ಎಲ್ಲವನ್ನೂ ಒಟ್ಟಿಗೆ ಓದಿದರಾಯಿತು ಎಂದುಕೊಂಡು ಬೆಂಡೆಕಾಯಿ, ಮಳೆ ಎಂದು ಏನೇನೋ ಬರೆದು ಕಳಿಸಿದೆ. ಆ ದಪ್ಪ ಪತ್ರದಲ್ಲಿ ‘ಬರಲೇ’ ಸಿಗಲಿಲ್ಲ, ಬೆರಳ ಬದಿಯಿಂದ ತಡವಿದಾಗ ‘ತಿಂಗಳ ಕೊನೆಯೊಳಗೆ ಹೇಳು’ ಎಂಬುದು ಮಾತ್ರ ಹೇಗೋ ಸಿಕ್ಕಿತು. ಇನ್ನೂ ಆ ಪ್ಲಮ್ ಮರವನ್ನೇ ಎಳೆಯುತ್ತಿದ್ದಾಳೆ ಎಂದುಕೊಂಡೆ. ನಾನು ನಿನಗೆ ತೋಚಿದ ಹಾಗೆ ಮಾಡು ಎಂದದ್ದು ಮರಕ್ಕೆ.

ಮಳೆಗೆ ರೈಲು ನಿಂತು, ನಿನ್ನ ಕೊನೆಯ ಪತ್ರ ಈ ಬುಧವಾರ ಬಂತು. ಕವರು ಹಗುರವಾಗಿತ್ತು. ತೆಗೆದರೆ ಒಂದೇ ಹಾಳೆ. ನಲವತ್ತು ವರ್ಷದಲ್ಲಿ ನೀನು ನನಗೆ ಒಂದೇ ಹಾಳೆಯ ಪತ್ರ ಬರೆದವಳಲ್ಲ. ನಿನ್ನ ತಾಯಿ ಸತ್ತಾಗ ಐದು ಹಾಳೆ ಬರೆದಿದ್ದೆ. ಬಾಗಿಲು ಹಾಕಿ, ಬಾಯಿಯ ಬಟ್ಟೆ ತೆಗೆದು, ಹಾಳೆಯನ್ನು ಕೆಳತುಟಿಗೆ ಇಟ್ಟುಕೊಂಡೆ. ಐವತ್ತು ವರ್ಷದ ಹಿಂದಿನ ವಿದ್ಯೆ, ಮೊದಮೊದಲು ಬರೀ ಕಚಗುಳಿ. ಮೊದಲ ಸಾಲಿಗೆ ಅರ್ಧ ಗಂಟೆ ಹಿಡಿಯಿತು. ನೀನು ನನ್ನನ್ನು ‘ಅಕ್ಕನವರಿಗೆ’ ಎಂದು ಕರೆದದ್ದು ತುಟಿಗೆ ತಿಳಿದಾಗ ಅಲ್ಲೇ ನಿಂತೆ. ಆಮೇಲೆ ಹಳೆಯ ಎರಡನ್ನೂ ತೆಗೆದು ಮೂರು ದಿನ ಓದಿದೆ. ತುಟಿ ಊದಿಕೊಂಡಿದೆ.

ಎರಡನೇ ದಿನ ಯಜಮಾನಿ ಬಂದಳು. “ತೋಮಿ-ಸಾನ್, ಅಕ್ಕಿ ಮುಗಿದಿದ್ರೆ ಹೇಳ್ಬಾರ್ದಾ, ಕಾಗದ ಯಾಕ್ರೀ ತಿಂತಿದೀರಾ?” ಎಂದಳು. ನಮ್ಮ ಮೇಷ್ಟ್ರ ಮಾತೇ. ನಗಲು ಹೋಗಿ ಅತ್ತುಬಿಟ್ಟೆ. ನೀನು ಶೂ ಹಾಕಿಕೊಂಡು ಹೊಸಿಲಲ್ಲಿ ಕೂತದ್ದನ್ನು ಅವಳಿಗೆ ಹೇಳಿದೆ. “ಆ ಹಾಸಿಗೆ ಎಲ್ಲಾ ಈಗ್ಲೇ ತೆಗಿಸ್ತೀನಿ. ನಂಗೆ ಒಂದ್ ಮಾತು ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ?” ಎಂದು ಬೈದು, ಅವತ್ತೇ ಕೋಣೆ ಖಾಲಿ ಮಾಡಿಸಿದಳು.

ಅವಳ ಫೋನಿನಿಂದಲೇ ನಿಮ್ಮೂರಿನ ಆ ಸಂಸ್ಥೆಗೂ ಕರೆ ಮಾಡಿದೆ. “ಅವ್ಳಿಗೆ ಬಾ ಅಂತ ಹೇಳಿ” ಎಂದೆ. “ಖಂಡಿತ ಹೇಳ್ತೀವಿ” ಎಂದ ಒಬ್ಬ. “ಹೆಂಗ್ ಹೇಳ್ತೀರಿ? ಮುಟ್ಟಬಾರ್ದು ಅಂತೀರಲ್ಲ.” “ಬರೆದು ತೋರಿಸ್ತೀವಿ.” “ಕಣ್ಣಿಲ್ದೋಳಿಗೆ?” ಅವನು ಕ್ಷಮೆ ಕೇಳಿದ. ಪಾಪ, ಎಳೆಯ ದನಿ. “ಕುದೊ-ಸಾನ್ ಅವರ ಕೈ ತೊಳಿಸಿ, ಬಾಯಿಗೆ ಬಟ್ಟೆ ಕಟ್ಟಿ, ಅರ್ಧ ಗಂಟೆ ಅವ್ಳ ಪಕ್ಕ ಕೂರ್ಸಿ. ರೋಗ ತಗುಲಿದ್ರೆ ನಾನೇ ಬಂದು ನಿಮ್ಮೆಲ್ರ ಕಾಲು ಒತ್ತೀನಿ” ಎಂದೆ. ಮೇಲಿನವರನ್ನು ಕೇಳುತ್ತೇನೆ ಎಂದಿದ್ದಾನೆ. ನನಗೆ ನಂಬಿಕೆಯಿಲ್ಲ, ಅದಕ್ಕೇ ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ.

ನನ್ನ ಬೆರಳು ಇನ್ನು ಓದುತ್ತದೋ ಇಲ್ಲವೋ ಗೊತ್ತಿಲ್ಲ. ಒತ್ತುವುದಕ್ಕೆ ಬರುತ್ತದೆ. ಯಜಮಾನಿಯ ಕೈ ಹಿಡಿದು ನಿನ್ನ ಹೆಸರು ಒತ್ತಿ ನೋಡಿದೆ, ಒಂದು ತಪ್ಪೂ ಆಗಲಿಲ್ಲ ಎಂದುಕೊಂಡಿದ್ದೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಎದುರಿಗೆ ಬಂದು ಬೈ. ಆ ಮನೆಗೆ ಹೋಗಬೇಡ. ಬಾ.

ನಿನ್ನ ಅಕ್ಕ
ತೋಮಿ

*

ಹಾಚಿನೊಹೆ
ಜುಲೈ 24, 2020

ತೋಮಿ ಅಕ್ಕಾ,

ಇದು ನಾನು ಯಾವಾಗಲೂ ಬರೆಯುವ ಹಳೆಯ ಕ್ಯಾಲೆಂಡರಿನ ಹಾಳೆ ಅಲ್ಲ, ಅದು ಬಹಳ ಒರಟು. ನಿನ್ನ ತುಟಿಗೆ ಚುಚ್ಚಬಾರದೆಂದು ಮೆತ್ತನೆಯ ಕಾಗದದ ಮೇಲೆ, ಸಾಲು ಬಿಟ್ಟು ಸಾಲು ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ತಿನ್ನಬೇಡ.

ನಿನ್ನ ಪತ್ರ ಹದಿನೇಳಕ್ಕೆ ಬಂತು. ಮೊದಲ ಸಾಲು ಓದಿ, ನೀನು ಹೇಳಿದ ಹಾಗೆ ಉಳಿದದ್ದನ್ನು ಬಹಳ ಹೊತ್ತು ಓದಲಿಲ್ಲ. ಆಮೇಲೆ ಓದಿ ನಿನ್ನನ್ನು ಬಾಯಿತುಂಬ ಬೈದೆ. ನನ್ನ ದನಿ ನನಗೆ ಕೇಳುವುದಿಲ್ಲವಲ್ಲ, ಬಹಳ ಜೋರಾಗಿತ್ತಂತೆ, ಪಕ್ಕದ ಮನೆಯವರು ಓಡಿಬಂದರು. ಬಂದವರು ಏನು ಮಾಡುವುದೆಂದು ತಿಳಿಯದೆ ನನ್ನ ಬೆನ್ನು ತಟ್ಟಿದರು. ಏಪ್ರಿಲ್ ಒಂಬತ್ತರಿಂದ ನನ್ನನ್ನು ಮುಟ್ಟಿದ ಮೊದಲ ಕೈ ಅದು. ಮರ ಕಡಿಸಿ ಎಂದವರದ್ದೇ.

ಸೋಮವಾರ ಕುದೊ-ಸಾನ್ ಬಂದರು. ಆ ಹುಡುಗ ಮೇಲಿನವರನ್ನು ಕೇಳಿದ್ದು ನಿಜವಂತೆ, ಯಾರೋ ಮುದುಕಿ ಫೋನಿನಲ್ಲಿ ನಡುಗಿಸಿಬಿಟ್ಟಳು ಎಂದನಂತೆ. ಕೈ ತೊಳೆದುಕೊಂಡು ಬಂದ ಕುದೊ-ಸಾನ್‌ರ ಬೆರಳುಗಳು ತಣ್ಣಗಿದ್ದವು. ಮೊದಲು ಏನು ಹೇಳಿದರು ಗೊತ್ತೇ? “ಮೇ ಹದಿನೆಂಟರಂದು ಸಮುದ್ರ ಸುಮ್ನಿತ್ತು ಯಾಸುನೊ-ಸಾನ್.” ಎರಡು ತಿಂಗಳು ತಡವಾಗಿ ಹೇಳಿದರು. ಆದರೂ ನನ್ನ ಎದೆಯಿಂದ ಏನೋ ಇಳಿದ ಹಾಗಾಯಿತು.

ಆರೈಕೆ ಮನೆಗೆ ಬರುವುದಿಲ್ಲವೆಂದು ಬರೆದು ಕಳಿಸಿದ್ದೇನೆ. ಕುದೊ-ಸಾನ್ ರಜೆ ಹಾಕಿ ನನ್ನನ್ನು ಕರೆತರುತ್ತಾರೆ. ಆಗಸ್ಟ್ ಮೂರನೇ ತಾರೀಖು ಹೊರಟು, ದಾರಿಯಲ್ಲಿ ಒಂದು ರಾತ್ರಿ ಉಳಿದು, ನಾಲ್ಕರ ಮಧ್ಯಾಹ್ನ ಇಬುಸುಕಿ ನಿಲ್ದಾಣದಲ್ಲಿ ಇಳಿಯುತ್ತೇವೆ. ಪ್ಲಮ್ ಹಣ್ಣಿನ ಉಪ್ಪಿನಕಾಯಿ ಒಂದು ಜಾಡಿ ತರುತ್ತೇನೆ, ಇನ್ನೊಂದನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಮರ ಹಾಗೇ ಇರಲಿ ಎಂದರು.

ಈಗ ನನ್ನ ಸರದಿ, ನಾನೂ ಒಂದು ಹೇಳಬೇಕು. ನೀನು ‘ಬೆಕ್ಕು ಮಲಗುವುದಕ್ಕೂ ಜಾಗವಿಲ್ಲ’ ಎಂದು ಬರೆದ ಪತ್ರ ಬಂದ ಮೂರನೇ ದಿನ ಮನೆ ಖಾಲಿ ಮಾಡುವವರು ಬಂದಿದ್ದರು. ಎರಡು ಪೆಟ್ಟಿಗೆ ಮಾತ್ರ ಎಂದಿದ್ದರಲ್ಲ. ನಿನ್ನ ನಲವತ್ತು ವರ್ಷದ ಪತ್ರಗಳು ಹನ್ನೊಂದು ಪೆಟ್ಟಿಗೆ ಇದ್ದವು. ಹೇಗಾದರೂ ಒಂದಷ್ಟು ಉಳಿಸಿಕೊಳ್ಳಬಹುದಿತ್ತು. ಉಳಿಸಿಕೊಳ್ಳಲಿಲ್ಲ. ಸಿಟ್ಟಿನಲ್ಲಿ ಎಲ್ಲವನ್ನೂ ಕಸದ ಗಾಡಿಗೆ ಹಾಕಿಸಿದೆ. ಮಳೆ ಬರುತ್ತಿತ್ತು. ಒದ್ದೆಯಾದರೆ ಚುಕ್ಕಿಗಳು ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಿನ್ನ ಬೆರಳು ಹೋದದ್ದಕ್ಕೂ ಇದಕ್ಕೂ ಸೇರಿ ನಾನು ಎಷ್ಟು ಅತ್ತೆನೆಂದು ಹೇಳಲಾರೆ.

ಹಾಗಾಗಿ ನನ್ನ ಹತ್ತಿರ ನಿನ್ನದು ಏನೂ ಉಳಿದಿಲ್ಲ, ಈ ಕೊನೆಯ ಪತ್ರ ಬಿಟ್ಟು. ಎಲ್ಲವನ್ನೂ ನೀನು ಮತ್ತೆ ಹೇಳಬೇಕು, ಮದುವೆಯಾಗಿ ಆ ಊರಿಗೆ ಹೋದ ಮೊದಲ ದಿನದಿಂದ, ಗೆಂಜೊ ಭಾವ ಸುಟ್ಟ ಅನ್ನ ತಿಂದು ಚೆನ್ನಾಗಿದೆ ಎಂದದ್ದನ್ನೂ ಬಿಡದೆ, ನನ್ನ ಬೆರಳ ಮೇಲೆ. ನಲವತ್ತು ವರ್ಷದ್ದು, ಬೇಗ ಮುಗಿಯುವುದಿಲ್ಲ.

ನಿಲ್ದಾಣಕ್ಕೆ ಕೈ ತೊಳೆದುಕೊಂಡು ಬಾ. ಕೈಗವಸು ಹಾಕಿಕೊಂಡು ಬಂದರೆ ಅದೇ ರೈಲಿಗೆ ವಾಪಸ್ ಹತ್ತುತ್ತೇನೆ.

ನಿನ್ನ
ಯಾಸುನೊ